ಸಂತ ಫಿಲೋಮಿನಮ್ಮನವರು ಮತ್ತು ಮೂರು ಹೆಂಚುಗಳು



"ಸ್ವಾಮಿ, ಫಿಲೋಮಿನಮ್ಮನವರನ್ನು ಪಟ್ಟಿಯಿಂದ ತೆಗೆದುಹಾಕಿದರಂತೆ. ಹಾಗಾದರೆ ನಮ್ಮ ಅಜ್ಜಿ ಹೊತ್ತ ಹರಕೆ ಯಾರಿಗೆ ಸಂದಿತು?" ವೃದ್ಧ ತಾಯಿಯೊಬ್ಬರು ನಮ್ಮನ್ನು ಹೀಗೆ ಕೇಳಿದರು. ಅವರ ಹೆಸರೂ ಫಿಲೋಮಿನಾ. ಇಂತಹ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಗುರುಗಳಾದ ನಮಗೆ ತರವಲ್ಲ.

1802ರ ಮೇ ತಿಂಗಳಲ್ಲಿ ರೋಮಾಪುರಿಯ ಪ್ರಿಸ್ಸಿಲ್ಲಾ ನೆಲಸಮಾಧಿಗಳಲ್ಲಿ, ಮೂರು ಹೆಂಚುಗಳಿಂದ ಮುಚ್ಚಿದ ಒಂದು ಗೋರಿ ದೊರೆಯಿತು. ಒಳಗೆ ಎಳೆಯ ಹುಡುಗಿಯೊಬ್ಬಳ ಅಸ್ಥಿಗಳು, ಒಂದು ಗಾಜಿನ ಕುಪ್ಪಿ. ಹೆಂಚುಗಳ ಮೇಲೆ ಲಂಗರು, ಬಾಣ, ಖರ್ಜೂರದ ಗರಿಗಳ ಚಿತ್ರ ಮತ್ತು ಕೆಂಪು ಅಕ್ಷರಗಳು. ಇದ್ದಂತೆಯೇ ಓದಿದರೆ ಅರ್ಥವಿಲ್ಲ. ಮೊದಲನೆಯ ಹೆಂಚನ್ನು ಕೊನೆಗಿಟ್ಟರೆ, "ಫಿಲುಮೆನಾ, ನಿನಗೆ ಶಾಂತಿ" ಎಂದಾಗುತ್ತದೆ. ಮಹನೀಯರೇ, ಅಗೆದವರಿಗೆ ದೊರೆತದ್ದು ಇಷ್ಟೇ.

ಉಳಿದ ಕಥೆ ನಿಮಗೆಲ್ಲ ಬಾಯಿಪಾಠ: ಗ್ರೀಕ್ ರಾಜಕುಮಾರಿ, ಡಯೊಕ್ಲೇಷಿಯನ್ ಚಕ್ರವರ್ತಿಯನ್ನು ವರಿಸಲೊಲ್ಲದ ಕನ್ನಿಕೆ, ಟೈಬರ್ ನದಿಗೆ ಲಂಗರಿನೊಡನೆ ಎಸೆಯಲ್ಪಟ್ಟವಳು, ಕೊನೆಗೆ ಶಿರಚ್ಛೇದ. ಇದು ಯಾವ ಪ್ರಾಚೀನ ಗ್ರಂಥದಲ್ಲಿಯೂ ಇಲ್ಲ. 1833ರಲ್ಲಿ ನೇಪಲ್ಸಿನ ಸಂನ್ಯಾಸಿನಿಯೊಬ್ಬರು ತಮಗಾದ ದರ್ಶನವೆಂದು ಹೇಳಿದ್ದು. ಹೆಂಚುಗಳು ಬೇರೊಂದು ಗೋರಿಯಿಂದ ತೆಗೆದು ಮರುಬಳಸಿದವು, ಆದುದರಿಂದಲೇ ಅವುಗಳ ಕ್ರಮ ತಪ್ಪಿದೆ ಎಂದು 1904ರಲ್ಲಿ ಪುರಾತತ್ತ್ವಜ್ಞ ಮರುಕ್ಕಿ ವಾದಿಸಿದರು. 1961ರಲ್ಲಿ ರೋಮಿನ ಆದೇಶದಂತೆ ಅವರ ಹಬ್ಬವನ್ನು ಪೂಜಾ ಪಂಚಾಂಗಗಳಿಂದ ಕೈಬಿಡಲಾಯಿತು. ಸತ್ಯಕ್ಕೆ ಅಂಜುವ ಭಕ್ತಿ ನಮಗೆ ಬೇಡವಾದ್ದರಿಂದ ಇದನ್ನು ಮರೆಮಾಚದೆ ಹೇಳುತ್ತಿದ್ದೇವೆ.

ಆದರೆ ಆ ಆದೇಶವು ಯಾರ ಖಾಸಗಿ ಪ್ರಾರ್ಥನೆಯನ್ನೂ ನಿಷೇಧಿಸಲಿಲ್ಲ. ಅವಶೇಷಗಳನ್ನಿರಿಸಿದ ಇಟಲಿಯ ಮುಞ್ಯಾನೋ ಊರಿನಲ್ಲಿ, 1835ರಲ್ಲಿ, ಸಾವಿನ ಅಂಚಿನಲ್ಲಿದ್ದ ಪಾಲಿನ್ ಜಾರಿಕೋ ಎದ್ದು ನಡೆದರು. ಆರ್ಸ್ ಗ್ರಾಮದ ಗುರು ಸಂತ ವಿಯಾನ್ನಿಯವರು ತಮ್ಮ ಬಳಿ ನಡೆದ ಅದ್ಭುತಗಳನ್ನೆಲ್ಲ ಈ ಪುಟ್ಟ ಸಂತಳ ಲೆಕ್ಕಕ್ಕೇ ಬರೆಯುತ್ತಿದ್ದರು (ತಮ್ಮ ಹೆಸರು ಮರೆಯಾಗಲೆಂಬ ಜಾಣತನವೂ ಅದರಲ್ಲಿದ್ದಿರಬೇಕು!). ನಮ್ಮ ಮೈಸೂರಿನಲ್ಲಿ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ಅನ್ಯಮತೀಯರಾದ ಅರಸರು, ಆಕೆಯ ಹೆಸರಿನ ದೇವಾಲಯಕ್ಕೆ ಅಸ್ತಿಭಾರದ ಕಲ್ಲಿಟ್ಟರು.

ಆ ತಾಯಿಗೆ ನಾವು ಹೇಳಿದ್ದು ಇಷ್ಟು: "ನಿಮ್ಮ ಅಜ್ಜಿಯ ಹರಕೆ ದೇವರಿಗೆ ಸಂದಿತಮ್ಮ. ಆ ಗೋರಿಯಲ್ಲಿ ಮಲಗಿದ್ದ ಮಗುವಿನ ಹೆಸರು ನಮಗೆ ತಿಳಿಯದಿದ್ದರೂ ಆತನಿಗೆ ತಿಳಿದಿದೆ."

ಆಕೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದರೆ ಆಗಸ್ಟಿನಲ್ಲಿ ಮೈಸೂರಿಗೆ ಹೋಗಿಬರುತ್ತೇನೆ, ಸ್ವಾಮಿ" ಎಂದರು.