ವಕೀಲನಲ್ಲ, ಸಾಕ್ಷಿ



ಇ. ಸ್ಟ್ಯಾನ್ಲಿ ಜೋನ್ಸ್ ಎಂಬ ಅಮೆರಿಕದ ಯುವಕ ತನ್ನ ಮೊದಲ ಪ್ರಸಂಗಕ್ಕೆ ಎದ್ದು ನಿಂತಾಗ ದೇವರ ವಕೀಲನೇ ಆಗಿಬಿಟ್ಟಿದ್ದ. ವಾದವೆಲ್ಲ ಕಂಠಪಾಠವಾಗಿತ್ತು. ನಾಲ್ಕಾರು ವಾಕ್ಯ ಮುಗಿಯುವಷ್ಟರಲ್ಲಿ, ತಾನು ಹಿಂದೆಂದೂ ಬಳಸದಿದ್ದ ಉದ್ದನೆಯ ಪದವೊಂದು ಬಾಯಿಂದ ಬಂತು. ಎದುರು ಕುಳಿತ ಹುಡುಗಿಯೊಬ್ಬಳು ನಗು ಬಂದು ತಲೆ ತಗ್ಗಿಸಿದಳು. ಅಷ್ಟಕ್ಕೇ ಕಲಿತದ್ದೆಲ್ಲ ಮರೆತುಹೋಯಿತು. ನಾಚಿ ಕೆಳಗಿಳಿಯಲು ಹೊರಟವನು ಮತ್ತೆ ತಿರುಗಿ, ಕ್ರಿಸ್ತನು ತನ್ನ ಬದುಕಿನಲ್ಲಿ ಏನು ಮಾಡಿದನೆಂಬುದನ್ನಷ್ಟೇ ಹೇಳಿದ. ತನಗೆ ದೊರೆತ ಕೆಲಸ ವಕೀಲಿಯಲ್ಲ, ಸಾಕ್ಷಿ ನುಡಿಯುವುದು ಎಂದು ಅವನಿಗೆ ಮನವರಿಕೆಯಾದದ್ದು ಆ ಸೋಲಿನಿಂದಲೇ.

ಕನ್ನಡ ನಾಡಿನ ಕ್ರೈಸ್ತ ಚರಿತ್ರೆಯಲ್ಲಿ ಇಬ್ಬರೂ ಇದ್ದಾರೆ, ವಕೀಲನೂ ಸಾಕ್ಷಿಯೂ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೊದಲ ಮೂವರಲ್ಲಿ ಸ್ಯಾಮ್ಯುಯೆಲ್ ಹೆಬಿಕ್ ಒಬ್ಬರು. ಜಾತ್ರೆಗಳಿಗೆ ಹೋಗಿ ಜನಜಂಗುಳಿಯ ನಡುವೆ ನಿಂತು ಬೋಧಿಸುವುದು ಅವರ ರೀತಿ. ಅವರ ಧೈರ್ಯ ಯಾರೂ ಅಲ್ಲಗಳೆಯುವಂಥದ್ದಲ್ಲ. ಆದರೆ ತೇರು ನೋಡಲು ಬಂದವನ ಎದುರು ಅವನ ದೇವರನ್ನೇ ಕಟಕಟೆಗೆ ಏರಿಸಿದರೆ ಅವನು ಕಿವಿಗೊಡುವುದಾದರೂ ಹೇಗೆ?

ಅದೇ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ ಬೇರೆ ದಾರಿಯನ್ನೂ ಹಿಡಿದರು. ‘ಬೇರೆ ದಾರಿಯನ್ನೂ’ ಎನ್ನುವುದೇ ಸರಿ, ಏಕೆಂದರೆ ಖಂಡನೆಯ ಬರಹಕ್ಕೆ ಮಿಷನ್ನಿನ ಮುದ್ರಣಾಲಯದಲ್ಲಿ ಬರವೇನೂ ಇರಲಿಲ್ಲ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರತಂದ ಮೊಗ್ಲಿಂಗ್, ಮುಂದೆ ಬಸವ ಪುರಾಣವನ್ನೂ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿದರು. ಸುವಾರ್ತೆ ಸಾರಲು ಬಂದವರು ನೆರೆಯವರ ಭಕ್ತಿಗ್ರಂಥಗಳ ಕರಡು ತಿದ್ದುತ್ತ ಕುಳಿತರು!

1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಇನ್ನೂ ಮುಂದಕ್ಕೆ ಹೋದರು. ಕನ್ನಡ ಕಾವ್ಯ, ವ್ಯಾಕರಣ, ಛಂದಸ್ಸುಗಳಲ್ಲಿ ಅವರು ಮುಳುಗಿದ್ದು ಜೊತೆಯ ಮಿಷನರಿಗಳಲ್ಲಿ ಹಲವರಿಗೆ ಹಿಡಿಸಲಿಲ್ಲ. ಬೋಧನೆಗೆ ಬಂದವನಿಗೆ ಇದೆಲ್ಲ ಏಕೆ ಎಂಬುದು ಅವರ ಅಸಮಾಧಾನ. ಕಿಟೆಲ್ ಜಗ್ಗಲಿಲ್ಲ. ಯೇಸುವಿನ ಚರಿತೆಯನ್ನು ಕನ್ನಡದ ಛಂದಸ್ಸಿಗೇ ಅಳವಡಿಸಿ 1862ರಲ್ಲಿ ‘ಕಥಾಮಾಲೆ’ ಬರೆದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಬಂತು. ಒಂದು ಜನಾಂಗದ ಅಷ್ಟು ಮಾತುಗಳನ್ನು ಕೂಡಿಡಬೇಕಾದರೆ ಎಷ್ಟು ವರ್ಷ ಸುಮ್ಮನೆ ಕೇಳಿಸಿಕೊಂಡಿರಬೇಕು! ಕಿಟೆಲರ ಪ್ರಸಂಗಗಳನ್ನು ಈಗ ಯಾರೂ ಓದುವುದಿಲ್ಲ. ಅವರ ನಿಘಂಟು ಮಾತ್ರ ಎಲ್ಲ ಮತದವರ ಮೇಜಿನ ಮೇಲೂ ಇದೆ.

ಮತ್ತೆ ಜೋನ್ಸರ ಕಡೆಗೆ. 1907ರಲ್ಲಿ ಮಿಷನರಿಯಾಗಿ ಭಾರತಕ್ಕೆ ಬಂದ ಅವರು, ಕ್ರೈಸ್ತಧರ್ಮ ಈ ಮಣ್ಣಿನದೇ ಆಗಲು ಏನು ಮಾಡಬೇಕೆಂದು ಗಾಂಧೀಜಿಯನ್ನು ಕೇಳಿದ್ದರು. ಕ್ರೈಸ್ತರೆಲ್ಲ ಯೇಸುವಿನಂತೆ ಬದುಕಲಿ, ಧರ್ಮವನ್ನು ತೆಳುಮಾಡದೆ ಆಚರಿಸಲಿ, ಪ್ರೀತಿಗೆ ಒತ್ತು ಕೊಡಲಿ, ಅನ್ಯಧರ್ಮಗಳನ್ನು ಸಹಾನುಭೂತಿಯಿಂದ ಓದಲಿ ಎಂಬುದು ಗಾಂಧೀಜಿಯ ಉತ್ತರದ ಸಾರ. ಕೊನೆಯ ಮಾತನ್ನು ಕಿಟೆಲ್ ಯಾರೂ ಹೇಳದೆಯೇ ನಡೆಸಿದ್ದರು.

ಜೋನ್ಸ್ ನಡೆಸುತ್ತಿದ್ದ ದುಂಡುಮೇಜಿನ ಕೂಟಗಳಲ್ಲಿ ಕ್ರೈಸ್ತರೇ ಅಲ್ಪಸಂಖ್ಯಾತರು. ಅಲ್ಲಿ ವಾದ ಮಾಡುವಂತಿಲ್ಲ, ಮತ್ತೊಬ್ಬರಿಗೆ ಬೋಧಿಸುವಂತಿಲ್ಲ. ಧರ್ಮ ತನ್ನ ಅನುಭವದಲ್ಲಿ ಏನಾಗಿದೆ ಎಂಬುದನ್ನು ಹಿಂದೂ, ಮುಸಲ್ಮಾನ, ಕ್ರೈಸ್ತ ಯಾರೇ ಆಗಲಿ ಸರದಿಯಲ್ಲಿ ಹೇಳಬೇಕು. 1928ರ ‘ಕ್ರೈಸ್ಟ್ ಅಟ್ ದ ರೌಂಡ್ ಟೇಬಲ್’ ಈ ಕೂಟಗಳ ಅನುಭವದಿಂದ ಹುಟ್ಟಿದ ಪುಸ್ತಕ. ಹೀಗೆ ಕುಳಿತದ್ದರಿಂದ ಜೋನ್ಸರ ನಂಬಿಕೆಯೇನೂ ಸಡಿಲವಾಗಲಿಲ್ಲ.

ಪೇತ್ರನ ಮೊದಲ ಪತ್ರದ ಮೂರನೆಯ ಅಧ್ಯಾಯ ಎಲ್ಲ ಬೋಧಕರಿಗೂ ಪರಿಚಿತ. ನಿರೀಕ್ಷೆಗೆ ಕಾರಣ ಕೇಳಿದವರಿಗೆ ಸಾತ್ವಿಕತೆಯಿಂದ ಉತ್ತರ ಕೊಡಿ ಎಂಬುದು ಅಲ್ಲಿನ ಆದೇಶ. ‘ಕೇಳಿದವರಿಗೆ’ ಎಂಬ ಮಾತನ್ನು ಅವಸರದಲ್ಲಿ ದಾಟಿಬಿಡುವ ರೂಢಿಯೇ ಹೆಚ್ಚು. ಕೇಳಬೇಕೆನಿಸುವಂಥ ಬದುಕು ಮನೆಯಲ್ಲಿದ್ದರೆ ನೆರೆಯವರು ತಾವಾಗಿಯೇ ಕೇಳುತ್ತಾರೆ.

ಇಲ್ಲಿಂದ ಊರಿಗೆ ಮರಳಿದ ಮೇಲೆ ಪ್ರತಿಯೊಂದು ಸಭೆಯೂ ವರ್ಷಕ್ಕೆ ಒಮ್ಮೆಯಾದರೂ ಅಂಥದೊಂದು ದುಂಡುಮೇಜಿನ ಕೂಟವನ್ನು ಕರೆಯಲಿ. ಅಲ್ಲಿ ನೆರೆಯವರೇ ಹೆಚ್ಚಾಗಿರಲಿ, ಅವರೇ ಮೊದಲು ಮಾತಾಡಲಿ.