ಬೆರಳನ್ನು ಓದಿದ ಕೈಗವಸು

ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟುಗಳ ಪ್ರದರ್ಶನ ನಡೆಯುವಾಗ ಒಮ್ಮೆ ಒಳಗೆ ಹೋಗಿ ನೋಡಿ. ಯಾವುದಾದರೊಂದು ಮೇಜಿನ ಮೇಲೆ ಕೈಗವಸು ಇದ್ದೇ ಇರುತ್ತದೆ. ಬೆರಳುಗಳ ಬೆನ್ನಿಗೆ ಹೊಲಿದ ಕಪ್ಪು ಪಟ್ಟಿಗಳು, ಮಣಿಕಟ್ಟಿನ ಹತ್ತಿರ ಪುಟ್ಟ ಸರ್ಕ್ಯೂಟ್ ಬೋರ್ಡು, ಜೋತುಬಿದ್ದ ಬಣ್ಣಬಣ್ಣದ ವೈರುಗಳು. ಹುಡುಗನೊಬ್ಬ ಅದನ್ನು ತೊಟ್ಟು ಎರಡು ಬೆರಳು ಮಡಚುತ್ತಾನೆ, ಪಕ್ಕದ ಸ್ಪೀಕರ್ 'ನೀರು ಬೇಕು' ಅನ್ನುತ್ತದೆ. ಎಲೆಕ್ಟ್ರಾನಿಕ್ಸ್ ಮೇಷ್ಟ್ರಾಗಿ ಇಂಥ ಎಷ್ಟೋ ತಂಡಗಳ ಜೊತೆ ನಾನು ರಾತ್ರಿ ಕಳೆದಿದ್ದೇನೆ. ಆ ಕೈಗವಸೆಂದರೆ ನನಗೆ ಇವತ್ತಿಗೂ ಪ್ರಾಣ. ಅದು ನಮ್ಮ ಮೇಜಿನ ತನಕ ಹೇಗೆ ಬಂತು ಅಂತ ಇವತ್ತು ಹೇಳುತ್ತೇನೆ.

1977ರಲ್ಲಿ ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡ್ಯಾನ್ ಸ್ಯಾಂಡಿನ್ ಮತ್ತು ಟಾಮ್ ಡಿಫ್ಯಾಂಟಿ ಒಂದು ಕೈಗವಸು ಮಾಡಿದರು. ಉಪಾಯ ಹೊಳೆದದ್ದು ರಿಚ್ ಸೇರ್ ಎಂಬವರಿಗೆ, ಹಾಗಾಗಿ ಅದರ ಹೆಸರು ಸೇರ್ ಗ್ಲೋವ್. ಬಗ್ಗುವ ಕೊಳವೆ, ಅದರ ಒಂದು ತುದಿಯಲ್ಲಿ ದೀಪ, ಇನ್ನೊಂದು ತುದಿಯಲ್ಲಿ ಬೆಳಕು ಅಳೆಯುವ ಫೋಟೋಸೆಲ್. ಬೆರಳು ನೆಟ್ಟಗಿದ್ದರೆ ಬೆಳಕು ಸರಾಗವಾಗಿ ಹಾಯುತ್ತದೆ, ಮಡಚಿದರೆ ಕುಗ್ಗುತ್ತದೆ. ತೋಟದ ಪೈಪು ಮಡಚಿಕೊಂಡಾಗ ನೀರು ಸಣ್ಣಗಾಗುವುದಿಲ್ಲವೇ, ಹಾಗೆ.

ಇನ್ನು ನನ್ನ ಮೆಚ್ಚಿನ ಮನುಷ್ಯ. ಟಾಮ್ ಜಿಮ್ಮರ್‌ಮನ್. ಎಂಐಟಿಯಲ್ಲಿ ಓದಿದ ತರುಣ. ಅವನಿಗಿದ್ದ ಆಸೆ ಕೇಳಿ: ಕೈಯಲ್ಲಿ ಗಿಟಾರೇ ಇಲ್ಲದೆ ಗಾಳಿಯಲ್ಲೇ ಗಿಟಾರು ನುಡಿಸಬೇಕು, ನುಡಿಸಿದ್ದು ನಿಜವಾಗಿ ಕೇಳಿಸಬೇಕು! ಕಛೇರಿ ಕೇಳುತ್ತ ತೊಡೆಯ ಮೇಲೆ ಮೃದಂಗ ಬಾರಿಸುವವರು ನಮ್ಮಲ್ಲಿ ಎಷ್ಟು ಜನ. ಆ ತೊಡೆಯಿಂದ ನಾದ ಬರಲಿ ಅಂತ ಹಟ ಹಿಡಿದವನು ಇವನು. ಗಿಟಾರಿನ ಸ್ವರ ಹುಟ್ಟುವುದು ಬೆರಳು ಬಾಗುವುದರಲ್ಲಿ. ಹಾಗಾದರೆ ಬೆರಳು ಎಷ್ಟು ಬಾಗಿತು ಅಂತ ಯಂತ್ರಕ್ಕೆ ತಿಳಿಯಬೇಕು. ಬೆಳಕಿನ ಕೊಳವೆಯ ದಾರಿಯನ್ನೇ ಹಿಡಿದು 1982ರಲ್ಲಿ ಅವನು ಪೇಟೆಂಟಿಗೆ ಅರ್ಜಿ ಹಾಕಿದ. ಆಮೇಲೆ ಜೇರನ್ ಲೇನಿಯರ್ ಜೊತೆಯಾದರು. ಅವರ ವಿಪಿಎಲ್ ಕಂಪನಿಯ ಡೇಟಾಗ್ಲೋವ್ 1987ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ಮುಖಪುಟಕ್ಕೇ ಬಂತು. ಜಿಮ್ಮರ್‌ಮನ್ ಅಷ್ಟಕ್ಕೆ ನಿಲ್ಲಲಿಲ್ಲ. 1996ರ ಹೊತ್ತಿಗೆ, ಇಬ್ಬರು ಕೈಕುಲುಕಿದರೆ ಒಬ್ಬರ ವಿಸಿಟಿಂಗ್ ಕಾರ್ಡಿನ ವಿವರ ಮೈಮೂಲಕವೇ ಇನ್ನೊಬ್ಬರಿಗೆ ದಾಟುವಂತೆ ಮಾಡಿದ. ಮತ್ತೆ ಕೈಯೇ! ಒಂದೇ ವಸ್ತುವಿಗೆ ಇಷ್ಟು ಮನಸೋತವರನ್ನು ಕಂಡರೆ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಇದೇ ಕಾಲದಲ್ಲಿ ಬೆಲ್ ಪ್ರಯೋಗಾಲಯದ ಗ್ಯಾರಿ ಗ್ರೈಮ್ಸ್ ಕಿವುಡರ ಬೆರಳಕ್ಷರಗಳನ್ನು ಗುರುತಿಸುವ ಕೈಗವಸಿಗೆ 1983ರಲ್ಲಿ ಪೇಟೆಂಟ್ ಪಡೆದರು. ಯಾರ ಹೆಸರಿನ ಪ್ರಯೋಗಾಲಯ ನೋಡಿ. ಅಲೆಕ್ಸಾಂಡರ್ ಗ್ರಹಾಂ ಬೆಲ್‌ರ ತಾಯಿಗೂ ಹೆಂಡತಿಗೂ ಕಿವಿ ಕೇಳುತ್ತಿರಲಿಲ್ಲ. ಆದರೂ ಕಿವುಡ ಮಕ್ಕಳು ಸನ್ನೆ ಬಿಟ್ಟು ಬಾಯಿಂದಲೇ ಮಾತಾಡಬೇಕೆಂದು ಅವರು ಜೀವಮಾನವಿಡೀ ವಾದಿಸಿದರು.

1989ರಲ್ಲಿ ಪವರ್ ಗ್ಲೋವ್ ಬಂತು, ಮಕ್ಕಳ ವಿಡಿಯೋ ಗೇಮಿಗೆ. ಡೇಟಾಗ್ಲೋವ್‌ಗೆ ಸಾವಿರಾರು ಡಾಲರ್ ತೆರಬೇಕಿತ್ತು, ಇದು ನೂರರೊಳಗೆ ಸಿಕ್ಕಿತು. ಬೆಳಕಿನ ಬದಲು ವಿದ್ಯುತ್ ಹರಿಯುವ ಶಾಯಿ ಬಳಿದ ಪಟ್ಟಿ. ಆಟಕ್ಕೆ ಅದು ಒಗ್ಗಲಿಲ್ಲ, ಆದರೆ ಹವ್ಯಾಸಿಗಳು ಬಿಚ್ಚಿ ಬಿಚ್ಚಿ ಕಲಿತರು. ನಮ್ಮ ಹುಡುಗರು ಇವತ್ತು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕುವ ಫ್ಲೆಕ್ಸ್ ಸೆನ್ಸರ್ ಅದರದೇ ಕುಲ. ನೆಟ್ಟಗಿದ್ದಾಗ ಸುಮಾರು 10 ಕಿಲೋ ಓಮ್ ರೋಧ, ಪೂರ್ತಿ ಮಡಚಿದರೆ ಅದರ ಎರಡರಷ್ಟಾದರೂ ಆಗುತ್ತದೆ. ಕೆಲಸವೆಲ್ಲ ಇಷ್ಟರಲ್ಲೇ ನಡೆಯುತ್ತದೆ.

ಆಮೇಲಿನದು ಸನ್ನೆ ಓದುವ ಕೈಗವಸು ಕಟ್ಟಿದ ವಿದ್ಯಾರ್ಥಿಗಳ ಕಾಲ. 2001ರಲ್ಲಿ ಅಮೆರಿಕದ ಕೊಲರಾಡೋದ ಶಾಲಾ ಹುಡುಗ ರಯಾನ್ ಪ್ಯಾಟರ್‌ಸನ್ ಗಾಲ್ಫ್ ಕೈಗವಸಿಗೆ ಸೆನ್ಸರ್ ಕಟ್ಟಿ ದೊಡ್ಡ ಬಹುಮಾನ ಗೆದ್ದ. 2012ರಲ್ಲಿ ಉಕ್ರೇನಿನ ವಿದ್ಯಾರ್ಥಿ ತಂಡವೊಂದು ಸಿಡ್ನಿಯ ಇಮ್ಯಾಜಿನ್ ಕಪ್ ಸ್ಪರ್ಧೆಯಲ್ಲಿ ಎನೇಬಲ್‌ಟಾಕ್ ಕೈಗವಸಿನಿಂದ ಮೊದಲ ಸ್ಥಾನ ಪಡೆಯಿತು. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳ ಕೈಗವಸು ಸೈನ್‌ಅಲೌಡ್‌ಗೆ 10,000 ಡಾಲರ್ ಬಹುಮಾನ ಬಂತು. ಪತ್ರಿಕೆಗಳು ಹೊಗಳಿದವು. ಆಗ ಅದೇ ವಿಶ್ವವಿದ್ಯಾಲಯದ ಸನ್ನೆಭಾಷೆಯ ಅಧ್ಯಾಪಕರೂ ಭಾಷಾವಿಜ್ಞಾನಿಯೂ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಸನ್ನೆಭಾಷೆ ಬರೀ ಬೆರಳಿನಲ್ಲಿಲ್ಲ, ಹುಬ್ಬು, ಬಾಯಿ, ಭುಜಗಳಲ್ಲೂ ಅದರ ವ್ಯಾಕರಣವಿದೆ, ಕೈಗವಸಿಗೆ ಅದು ಕಾಣುವುದಿಲ್ಲ ಎಂದರು.

ಆ ಪತ್ರದ ಮಾತು ಬಿಸಿಯಾಗಿ ತಟ್ಟಿದ್ದು ನನಗೆ, ಏಕೆಂದರೆ ಅದನ್ನು ನಾನು ಮೊದಲೇ ಕಣ್ಣಾರೆ ಕಂಡಿದ್ದೆ. ನಾಲ್ಕು ಹುಡುಗರ ತಂಡದೊಂದಿಗೆ ಕಿವುಡ ಮಕ್ಕಳ ಶಾಲೆಯೊಂದಕ್ಕೆ ಹೋಗಿದ್ದೆವು. ಹತ್ತನೇ ತರಗತಿಯ ಹುಡುಗಿ ಕೈಗವಸು ತೊಟ್ಟಳು. ಅದು ನಮ್ಮ ಹುಡುಗನ ಕೈ ಅಳತೆಯದು, ಅವಳ ಬೆರಳಿಗೆ ದೊಗಳೆ. ಕಣ್ಣರಳಿಸಿ, ತಲೆ ತುಸು ಮುಂದೆ ಚಾಚಿ ಏನೋ ಕೇಳಿದಳು. ಸ್ಪೀಕರ್ ಸುಮ್ಮನಿತ್ತು. ಅವಳ ಪ್ರಶ್ನೆ ಇದ್ದದ್ದೇ ಮುಖದಲ್ಲಿ. ಜೊತೆಗಿದ್ದ ಟೀಚರಮ್ಮ ಬಿಡಿಸಿ ಹೇಳಿದರು: "ಇದು ನಾವು ಹೇಳೋದನ್ನ ನಿಮಗೆ ಹೇಳುತ್ತೆ, ಸರಿ. ನೀವು ಹೇಳೋದನ್ನ ನಮಗೆ ಹೇಳುತ್ತಾ, ಅಂತ ಕೇಳ್ತಿದ್ದಾಳೆ ಸಾರ್." ನನ್ನ ಹತ್ತಿರ ಉತ್ತರವಿರಲಿಲ್ಲ. ಇನ್ನೂ ಒಂದು ಸಂಗತಿ. ಅಮೆರಿಕದ ಬೆರಳಕ್ಷರಕ್ಕೆ ಒಂದು ಕೈ ಸಾಕು, ಇಂಗ್ಲಿಷ್ ಅಕ್ಷರಗಳಿಗೆ ನಮ್ಮ ದೇಶದ ಕಿವುಡರು ಹೆಚ್ಚಾಗಿ ಎರಡೂ ಕೈ ಬಳಸುತ್ತಾರೆ. ಒಂಟಿ ಕೈಗವಸನ್ನು ಹಿಡಿದು ಹೋಗಿದ್ದ ನಾವು ಅದನ್ನು ಮುಂಚೆ ಕೇಳಿ ತಿಳಿದಿರಲೂ ಇಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಹಾಗಂತ ಕೈಗವಸು ವ್ಯರ್ಥ ಅನ್ನಲಾರೆ. ಪಾರ್ಶ್ವವಾಯು ಹೊಡೆದವರ ಬೆರಳು ದಿನದಿಂದ ದಿನಕ್ಕೆ ಎಷ್ಟು ಚೇತರಿಸಿತು ಅಂತ ಅಳೆಯಲು ಅದು ಒಳ್ಳೆಯ ಸಾಧನ. ಈ ಮಾತು ಕೇಳುತ್ತಿರುವ ವಿದ್ಯಾರ್ಥಿಗಳೇ, ಕಿವುಡರಿಗಾಗಿಯೇ ಮಾಡುತ್ತೀರಾದರೆ ಸೆನ್ಸರ್ ಕೊಳ್ಳುವ ಮೊದಲು ಒಂದು ತಿಂಗಳು ಅವರ ನಡುವೆ ಇದ್ದು ಸನ್ನೆ ಕಲಿಯಿರಿ. ದೆಹಲಿಯ ಭಾರತೀಯ ಸನ್ನೆಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ 10,000ಕ್ಕೂ ಹೆಚ್ಚು ಪದಗಳ ಸನ್ನೆಗಳಿವೆ, ನೋಡಿ. ನಿಮ್ಮ ತಂಡದಲ್ಲಿ ಒಬ್ಬರಾದರೂ ಕಿವುಡ ಸ್ನೇಹಿತರು ಇರಲಿ, ಮೊದಲ ಹೊಲಿಗೆ ಅವರ ಕೈ ಅಳತೆಗೇ ಬೀಳಲಿ.