ಮಂಡ್ಲಾದ ಕಾಡು ಪ್ಯಾರಿಸ್ಸಿಗೆ ಹೋದದ್ದು
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು, ಕನ್ನಡ ಪಾಠ ಮಾಡುವ ನಾನು ಚಿತ್ರಕಲೆಯ ಬಗ್ಗೆ ಮಾತನಾಡುತ್ತಿರುವುದೇಕೆ ಎಂದು ನಿಮಗೆ ಅನ್ನಿಸಬಹುದು. ನಮ್ಮಲ್ಲಿ ಚಿತ್ರಕಲೆಗೆಂದು ಶಿಕ್ಷಕರಿಲ್ಲ. ಆ ಪೀರಿಯಡ್ಡಿಗೆ ಯಾರು ಬಿಡುವಾಗಿರುತ್ತಾರೋ ಅವರು ಹೋಗುತ್ತಾರೆ. ಜನವರಿ ಬಂತೆಂದರೆ ಅದು ಗಣಿತದ ಪೀರಿಯಡ್ಡಾಗುತ್ತದೆ. ಹೀಗೆ ಬಿಡುವಾಗಿದ್ದು ಹೋದವನು ನಾನು.

ಒಂದು ಚಿತ್ರ ಬರೆಯಿರಿ ಎಂದರೆ ನಮ್ಮ ಮಕ್ಕಳು ಏನು ಬರೆಯುತ್ತಾರೆ? ತ್ರಿಕೋನದಂಥ ಎರಡು ಬೆಟ್ಟ, ಅವುಗಳ ನಡುವೆ ಸೂರ್ಯ, ಬೆಟ್ಟದಿಂದ ಇಳಿದು ಬರುವ ನದಿ, ಒಂದು ಗುಡಿಸಲು, ಒಂದು ತೆಂಗಿನ ಮರ. ಸುತ್ತ ಬರೀ ಬಯಲು ಇರುವ ಊರಿನ ಮಗುವೂ ಅದನ್ನೇ ಬರೆಯುತ್ತದೆ, ಸಮುದ್ರದ ಪಕ್ಕದ ಮಗುವೂ ಅದನ್ನೇ ಬರೆಯುತ್ತದೆ. ನಮ್ಮ ಶಾಲೆಯ ಕಿಟಕಿಯಿಂದ ಕಾಣುವ ಹುಣಸೆ ಮರವನ್ನು, ನೀರಿನ ಟ್ಯಾಂಕನ್ನು ಯಾರೂ ಬರೆದದ್ದಿಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಒಬ್ಬ ಚಿತ್ರಕಾರರ ಕಥೆ ಕೇಳಿ.

ಸೈಯದ್ ಹೈದರ್ ರಜಾ 1922ರಲ್ಲಿ ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಬಾಬರಿಯಾ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಅರಣ್ಯ ಇಲಾಖೆಯ ನೌಕರರು. ಹತ್ತಿರದಲ್ಲೇ ನರ್ಮದಾ ನದಿ, ಸುತ್ತಲೂ ದಟ್ಟ ಕಾಡು. ರಾತ್ರಿಯ ಕತ್ತಲೆಗೆ ಹುಡುಗ ಹೆದರುತ್ತಿದ್ದ. ಬೆಳಗಾದರೆ ಧೈರ್ಯ, ಸಂತೆಯ ದಿನವಾದರೆ ಕಣ್ಣಿಗೆ ಬಣ್ಣಗಳ ಹಬ್ಬ. ಗೊಂಡ ಜನರ ಕುಣಿತವನ್ನೂ ಅವರು ಕೊನೆಯವರೆಗೆ ನೆನೆಯುತ್ತಿದ್ದರು. ಓದಿನಲ್ಲಿ ಮಾತ್ರ ಗಮನ ನಿಲ್ಲುತ್ತಿರಲಿಲ್ಲ. ಪ್ರಾಥಮಿಕ ಶಾಲೆಯ ಉಪಾಧ್ಯಾಯರೊಬ್ಬರು ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟು, ಅದನ್ನೇ ನೋಡುತ್ತ ಕೂತಿರು ಎಂದರಂತೆ. ಹೊಡೆಯಲಿಲ್ಲ, ಹೊರಗೆ ನಿಲ್ಲಿಸಲಿಲ್ಲ. ಶಿಕ್ಷಕ ಮಿತ್ರರು ಇದನ್ನು ಗಮನಿಸಬೇಕು.

ಮುಂದೆ ಅವರು ನಾಗಪುರದಲ್ಲಿ, ಆಮೇಲೆ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು. 1947ರಲ್ಲಿ ಸೂಜಾ, ಹುಸೇನ್ ಮೊದಲಾದವರೊಂದಿಗೆ ಸೇರಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದರು. ಅದೇ ವರ್ಷ ತಾಯಿ ತೀರಿಕೊಂಡರು, ಮರುವರ್ಷ ತಂದೆ. ದೇಶ ವಿಭಜನೆಯ ನಂತರ ಒಡಹುಟ್ಟಿದವರಲ್ಲಿ ಹೆಚ್ಚಿನವರು ಪಾಕಿಸ್ತಾನಕ್ಕೆ ಹೋದರು. ರಜಾ ಇಲ್ಲಿಯೇ ಉಳಿದರು.

1948ರಲ್ಲಿ ಅವರು ಕಾಶ್ಮೀರದ ದೃಶ್ಯಗಳನ್ನು ಜಲವರ್ಣದಲ್ಲಿ ಬರೆದರು. ಅಲ್ಲಿ ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ತಿಯೇ ಬ್ರೆಸ್ಸೋನ್ ಅವರ ಭೇಟಿಯಾಯಿತು. ನಿಮ್ಮ ಚಿತ್ರಗಳಲ್ಲಿ ಪ್ರತಿಭೆಯಿದೆ, ಕಟ್ಟಡದ ಬಿಗಿ ಇಲ್ಲ, ಸೆಜಾನ್‌ನನ್ನು ಅಭ್ಯಾಸ ಮಾಡಿ ಎಂಬ ಅರ್ಥದ ಸಲಹೆ ಅವರಿಂದ ಬಂತು. ಎಷ್ಟು ಜನ ಇಂಥ ಮಾತನ್ನು ಸಹಿಸುತ್ತಾರೆ? ರಜಾ ಫ್ರೆಂಚ್ ಕಲಿತು, ವಿದ್ಯಾರ್ಥಿವೇತನ ಪಡೆದು, 1950ರಲ್ಲಿ ಪ್ಯಾರಿಸ್ಸಿಗೆ ಹೊರಟರು. ಅಲ್ಲಿನ ಹಳ್ಳಿ, ಮನೆ, ಚರ್ಚುಗಳನ್ನು ಬರೆದರು. 1956ರಲ್ಲಿ ಅಲ್ಲಿನ ವಿಮರ್ಶಕರ ಪ್ರಶಸ್ತಿ ಪಡೆದ ಮೊದಲ ವಿದೇಶೀಯರಾದರು. ಹೆಸರು ಬಂತು, ದುಡ್ಡೂ ಬಂತು.

ಆದರೆ ಅವರಿಗೆ ನೆಮ್ಮದಿಯಿರಲಿಲ್ಲ. ಇದೆಲ್ಲ ಸರಿ, ಇದರಲ್ಲಿ ನನ್ನದು ಎಂಬುದು ಎಲ್ಲಿದೆ ಎಂದು ಕೇಳಿಕೊಂಡರು. ಮತ್ತೆ ಮತ್ತೆ ಭಾರತಕ್ಕೆ ಬಂದರು. ರಾಜಸ್ಥಾನ, ಗುಜರಾತ್ ಸುತ್ತಿದರು, ರಜಪೂತ ಶೈಲಿಯ ಚಿತ್ರಗಳ ಉರಿಯುವ ಕೆಂಪು, ಹಳದಿಗಳನ್ನು ನೋಡಿದರು. ಕೊನೆಗೆ ಅವರ ಕ್ಯಾನ್ವಾಸಿನಲ್ಲಿ ಮೂಡಿದ್ದು ಏನು? ಒಂದು ದೊಡ್ಡ ಕಪ್ಪು ವೃತ್ತ. ಬಿಂದು. ಹಳ್ಳಿಯ ಶಾಲೆಯ ಗೋಡೆಯ ಮೇಲಿದ್ದ ಆ ಚುಕ್ಕೆಯೇ ಅದು. ಬಹುಶಃ ಆ ಕಾಡಿನ ರಾತ್ರಿಯೂ ಅದರಲ್ಲಿದೆ. ಕೆಲವು ಚಿತ್ರಗಳ ಮೇಲೆ ದೇವನಾಗರಿಯಲ್ಲಿ ಕವಿತೆಯ ಸಾಲುಗಳನ್ನೂ ಬರೆದರು. ಹೊಟ್ಟೆಪಾಡಿನ ಪ್ರಶ್ನೆ ಕೇಳುವ ಪೋಷಕರಿಗಾಗಿ ಒಂದು ಮಾತು: 1983ರಲ್ಲಿ ಬರೆದ ಅವರ ‘ಸೌರಾಷ್ಟ್ರ’ 2010ರಲ್ಲಿ ಲಂಡನ್ನಿನ ಹರಾಜಿನಲ್ಲಿ 16 ಕೋಟಿ ರೂಪಾಯಿಗೂ ಹೆಚ್ಚಿಗೆ ಹೋಯಿತು. ಎಲ್ಲರಿಗೂ ಹಾಗಾಗುವುದಿಲ್ಲ, ಆ ಆಸೆಗೆ ಯಾರೂ ಕುಂಚ ಹಿಡಿಯುವುದು ಬೇಡ.

ಆ ಹೊತ್ತಿಗೆ ಫ್ರಾನ್ಸಿನಲ್ಲಿ ಅರವತ್ತು ವರ್ಷ ಕಳೆದಿದ್ದ ರಜಾ ದೆಹಲಿಗೆ ಮರಳಿದರು. 2016ರ ಜುಲೈನಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ಮಂಡ್ಲಾದಲ್ಲಿ ತಂದೆಯ ಕಬರಿನ ಪಕ್ಕದಲ್ಲಿ ದಫನ್ ಮಾಡಲಾಯಿತು.

ಇವರೊಬ್ಬರದೇ ಕಥೆಯಲ್ಲ. ನಮ್ಮ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರೂ ಪ್ಯಾರಿಸ್ ನೋಡಿ ಬಂದವರೇ. ಬಾಲ್ಯದಲ್ಲಿ ಕಂಡ ಯಕ್ಷಗಾನದ ಲಯ ಅವರ ರೇಖೆಗಳನ್ನು ಬಿಟ್ಟು ಹೋಗಲಿಲ್ಲ. ಗುಜರಾತಿನ ಸುರೇಂದ್ರನಗರದ ಗುಲಾಮ್ ಮೊಹಮ್ಮದ್ ಶೇಖ್ ಬಾಲ್ಯದಲ್ಲಿ ಮದರಸಾದಲ್ಲಿ ಕುರ್‌ಆನ್ ಓದಿದರು, ಶಾಲೆಯಲ್ಲಿ ಸಂಸ್ಕೃತ ಕಲಿತರು. ಲಂಡನ್ನಿನಲ್ಲಿ ಓದುವಾಗ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ನಮ್ಮ ದೇಶದ ಕಿರುಚಿತ್ರಗಳನ್ನೇ ಕೂತು ನೋಡಿದರು. ಬಹಳ ಕಾಲದ ನಂತರ ಮನೆಗೆ ಮರಳುವುದನ್ನು ಕುರಿತ ಅವರ ಚಿತ್ರದಲ್ಲಿ ಒತ್ತೊತ್ತಾದ ಮನೆಗಳಿವೆ, ಮಸೀದಿಯಿದೆ, ಮುಂದೆ ತಾಯಿಯ ಮುಖವಿದೆ. ಮೂವರೂ ದೂರ ಹೋದರು, ಬೇರೆಯವರಿಂದ ಕಲಿತರು, ಕಲಿತದ್ದರಿಂದ ಬರೆದದ್ದು ತಮ್ಮ ಊರನ್ನು.

ಇಂಥ ಮಾತಾಡುವಾಗ ಕೆಲವು ಪೋಷಕರು, “ಸಾರ್, ಚಿತ್ರ ಬರೆಯುವುದು ನಮಗೆ ಸರಿಯೇ?” ಎಂದು ಕೇಳುತ್ತಾರೆ. ಮನುಷ್ಯರ, ಪ್ರಾಣಿಗಳ ಚಿತ್ರದ ವಿಷಯದಲ್ಲಿ ಉಲೆಮಾಗಳ ನಡುವೆ ಚರ್ಚೆಯಿದೆ. ಅದರಲ್ಲಿ ತೀರ್ಪು ಹೇಳುವ ಯೋಗ್ಯತೆ ನನ್ನದಲ್ಲ. ಆದರೆ ಮರ, ಕೆರೆ, ಬೆಟ್ಟ ಬರೆಯುವುದಕ್ಕೆ ಅಡ್ಡಿ ಹೇಳುವವರನ್ನು ನಾನು ಕಂಡಿಲ್ಲ. ಮಗು ಬರೆದ ಹಾಳೆಯನ್ನು ಸಿಟ್ಟಿನಲ್ಲಿ ಹರಿಯುವ ಮೊದಲು ಒಮ್ಮೆ ಅದನ್ನು ನೋಡಿ, ಇದು ಯಾವ ಜಾಗ ಎಂದು ಮಗುವನ್ನೇ ಕೇಳಿ. ಇಷ್ಟೇ ನನ್ನ ವಿನಂತಿ.

ಆಡಳಿತ ಮಂಡಳಿಯವರಲ್ಲಿಯೂ ಒಂದು ಮನವಿಯಿದೆ. ಚಿತ್ರಕಲಾ ಶಿಕ್ಷಕರನ್ನು ನೇಮಿಸುವವರೆಗೆ ವಾರದ ಆ ಒಂದು ಪೀರಿಯಡ್ಡನ್ನು ಜನವರಿಯಲ್ಲಿಯೂ ಬಿಟ್ಟುಕೊಡಿ. ಮಕ್ಕಳೇ, ಬರುವ ಶನಿವಾರ ನಾವು ತರಗತಿಯಲ್ಲಿ ಕೂರುವುದಿಲ್ಲ. ಹುಣಸೆ ಮರದ ಕೆಳಗೆ ಸೇರೋಣ. ಬಿಳಿ ಹಾಳೆ, ಪೆನ್ಸಿಲ್ ತನ್ನಿ. ಇಲ್ಲದವರಿಗೆ ನಾನು ಕೊಡುತ್ತೇನೆ.